ಅರಳು ಮರಳು ಅಂದುಬಿಡಬೇಡ

ನಿಟ್ಟುವಳ್ಳಿ, ದಾವಣಗೆರೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಅಮ್ಮಾ, ಅಜ್ಜನಿಗೆ ಬಂದ ಮರೆವಿನ ಕಾಯಿಲೆ ನಿನಗೂ ಬರುತ್ತಾ? ನನಗೂ ಬರುತ್ತಾ?" ಕುಕ್ಕರ್ ಕೂಗುತ್ತಿದೆ ಅಂತ ಹೇಳಿ ನಾನು ಫೋನ್ ಇಟ್ಟೆ. ಒಲೆಯ ಮೇಲೆ ಕುಕ್ಕರ್ ಇರಲೇ ಇಲ್ಲ. ಉತ್ತರ ಕೊಡಲು ಧೈರ್ಯ ಸಾಲಲಿಲ್ಲ. ಎರಡು ದಿನ ಯೋಚನೆ ಮಾಡಿ ಈಗ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಆದರೆ ನಾನು ಅಳುತ್ತೇನೆ, ನೀನೂ ಅಳುತ್ತೀಯ, ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ.

ಅಜ್ಜ ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ. ಮನೆಮಾತು ತೆಲುಗು. ಹದಿನಾರು ತುಂಬುವ ಹೊತ್ತಿಗೆ ದಾವಣಗೆರೆಗೆ ಬಂದು ಕಾಟನ್ ಮಿಲ್ ಸೇರಿದರು. ಆಗ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಸಾಲು ಸಾಲು ಮಗ್ಗ ಒಟ್ಟಿಗೆ ಬಡಿದರೆ ಪಕ್ಕದಲ್ಲಿ ನಿಂತವನ ಮಾತು ಕೇಳುತ್ತಿರಲಿಲ್ಲವಂತೆ. ಕೈಸನ್ನೆ ಮಾಡಿ, ತುಟಿ ನೋಡಿಯೇ ಮಾತಾಡುತ್ತಿದ್ದರಂತೆ. ಮಿಲ್‌ಗಳು ಒಂದೊಂದೇ ಮುಚ್ಚಿದವು. ಅಷ್ಟರಲ್ಲಿ ಅಜ್ಜನ ಕಿವಿ ಅರ್ಧ ಹೋಗಿತ್ತು.

ಅದನ್ನು ನಾವು ಒಂದು ತೊಂದರೆ ಅಂತ ಎಣಿಸಲೇ ಇಲ್ಲ. ಅವರು ಟಿವಿ ಜೋರಾಗಿ ಇಟ್ಟರೆ ನಮಗೆ ಸಿಟ್ಟು. ಏನಾದರೂ ಕೇಳಿದರೆ ಎರಡು ಸಲ ಹೇಳುತ್ತಿದ್ದೆ, ಮೂರನೇ ಸಲಕ್ಕೆ "ಏನಿಲ್ಲ ಬಿಡಿ ಅಪ್ಪಾಜಿ" ಅನ್ನುತ್ತಿದ್ದೆ. ಆ "ಏನಿಲ್ಲ ಬಿಡಿ" ಈಗಲೂ ನನ್ನನ್ನು ಚುಚ್ಚುತ್ತದೆ. ಸಂಜೆ ದೇವಸ್ಥಾನದ ಕಟ್ಟೆಗೆ ಹೋಗಿ ಹಳೇ ಮಿಲ್ಲಿನವರ ಜೊತೆ ಕೂರುತ್ತಿದ್ದರಲ್ಲ, ಅದನ್ನೂ ನಿಲ್ಲಿಸಿದರು. ಯಾರ ಮಾತೂ ಕೇಳಿಸದೆ ಅಲ್ಲಿ ಕೂತು ಏನು ಮಾಡುವುದು?

ಆಮೇಲೆ ಲೆಕ್ಕ ತಪ್ಪತೊಡಗಿತು. ಮಿರ್ಚಿ ಮಂಡಕ್ಕಿ ತರಲು ಹೋದರೆ ಅಂಗಡಿಯವನಿಗೆ ಎರಡೆರಡು ಸಲ ದುಡ್ಡು ಕೊಟ್ಟು ಬರುತ್ತಿದ್ದರು. ಪುಣ್ಯಾತ್ಮ ಮನೆಗೇ ಬಂದು ವಾಪಸ್ ಕೊಟ್ಟ. ಊಟ ಮಾಡಿ ಕೈ ತೊಳೆದವರು "ಊಟ ಆಯ್ತಾ?" ಅಂತ ನಮ್ಮನ್ನೇ ಕೇಳುತ್ತಿದ್ದರು. ಬೀಗರು, ನೆರೆಯವರು, ನಿನ್ನ ಮಾವ, ಎಲ್ಲರದೂ ಒಂದೇ ಮಾತು: ಅರವತ್ತಕ್ಕೆ ಅರಳು ಮರಳು. ಆಗ ಅವರಿಗೆ 74. ಮೊದಲು ತೋರಿಸಿದ ಡಾಕ್ಟರೂ "ವಯಸ್ಸಾಯ್ತಲ್ವಾ" ಅಂದು ಟಾನಿಕ್ ಬರೆದುಕೊಟ್ಟರು. ನಾನೂ ಒಪ್ಪಿಕೊಂಡೆ. ಒಪ್ಪಿಕೊಳ್ಳುವುದು ಸುಲಭವಾಗಿತ್ತು. ಹಾಗೇ ನಾಲ್ಕು ವರ್ಷ ಹೋಯಿತು.

ಒಂದು ದಿನ ಬೆಳಗಿನ ಜಾವ ನೋಡಿದರೆ ಹಾಸಿಗೆ ಖಾಲಿ. ನಿಮ್ಮಪ್ಪ ಬೈಕ್ ತೆಗೆದುಕೊಂಡು ಊರೆಲ್ಲಾ ಸುತ್ತಿದರು. ಕೊನೆಗೆ ಹಳೇ ಮಿಲ್ಲಿನ ಹತ್ತಿರ ಸಿಕ್ಕರು. ಕೈಯಲ್ಲಿ ಖಾಲಿ ಟಿಫನ್ ಕ್ಯಾರಿಯರ್. "ಮೊದಲ ಪಾಳಿಗೆ ಹೊತ್ತಾಯ್ತು, ಗೇಟ್ ಯಾಕೆ ತೆಗೆದಿಲ್ಲ?" ಅಂತ ಕೇಳಿದರಂತೆ. ಅವತ್ತು ನಮಗೆ ಎಚ್ಚರ ಆಯಿತು.

ಬೆಂಗಳೂರಿಗೆ, ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಮೊದಲು ರಕ್ತ ಪರೀಕ್ಷೆ. ಬಿ12 ವಿಟಮಿನ್ ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ ಇಂಥದೇ ಮರೆವು ಬರಬಹುದಂತೆ. ಅವಕ್ಕೆ ಮದ್ದಿದೆ. ದೇವರೇ, ಅದೇ ಆಗಿರಲಿ ಅಂತ ಬೇಡಿಕೊಂಡೆ. ಅದಾಗಿರಲಿಲ್ಲ, ಆಲ್ಝೈಮರ್ ಆಗಿತ್ತು. ಆದರೆ ನೋಡು ಪುಟ್ಟಿ, ಒಂದು ವೇಳೆ ಅದು ಬರೀ ಬಿ12 ಆಗಿದ್ದಿದ್ದರೆ? ಇಂಜೆಕ್ಷನ್‌ಗೆ ಬಗ್ಗುವಂಥದ್ದನ್ನು ನಾಲ್ಕು ವರ್ಷ ಅರಳು ಮರಳು ಅಂತ ಸಾಕಿದ ಹಾಗೆ ಆಗುತ್ತಿತ್ತು. ಎಷ್ಟು ಮನೆಗಳಲ್ಲಿ ಹಾಗೇ ನಡೆಯುತ್ತಿದೆಯೋ.

ಡಿಮೆನ್ಶಿಯಾ ಅಂದರೆ ಒಂದೇ ಕಾಯಿಲೆಯಲ್ಲ. ಮರೆವು ಹೆಚ್ಚಾಗಿ, ಯೋಚನೆ ಮಸುಕಾಗಿ, ದಿನದ ಕೆಲಸ ಮಾಡಿಕೊಳ್ಳಲಾಗದ ಸ್ಥಿತಿಗೆ ಆ ಹೆಸರು. ಅದನ್ನು ತರುವ ಕಾಯಿಲೆಗಳಲ್ಲಿ ಆಲ್ಝೈಮರ್‌ದೇ ದೊಡ್ಡ ಪಾಲು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7ಕ್ಕಿಂತ ಜಾಸ್ತಿ ಜನಕ್ಕೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಲೆಕ್ಕ ಹಾಕಿದರು. ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪೇಟೆಗಿಂತ ಹಳ್ಳಿಗಳಲ್ಲಿ ಜಾಸ್ತಿ. 60 ದಾಟಿದ ಮಿಕ್ಕವರಿಗೆ, ಅಂದರೆ ನೂರಕ್ಕೆ 90ಕ್ಕೂ ಹೆಚ್ಚು ಜನಕ್ಕೆ, ಇಲ್ಲ. ವಯಸ್ಸಾದರೆ ಎಲ್ಲರಿಗೂ ಇದು ಬರುತ್ತದೆ ಅನ್ನುವುದು ಹೇಗೆ ನಿಜ ಆದೀತು ಹೇಳು?

ಈಗ ಅಜ್ಜನ ತೆಲುಗಿನ ವಿಷಯ. ನೀನು ಹೆರಿಗೆಗೆ ಬಂದಿದ್ದಾಗ "ಅಜ್ಜ ಏನೇನೋ ಬಡಬಡಿಸ್ತಾರೆ" ಅನ್ನುತ್ತಿದ್ದೆ, ನೆನಪಿದೆಯಾ? ಪದೇ ಪದೇ "ದಾರಂ, ದಾರಂ" ಅನ್ನುತ್ತಿದ್ದರು. ನಾವು ದಾರಿ ಕೇಳುತ್ತಿದ್ದಾರೆ ಅಂದುಕೊಂಡು ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗುತ್ತಿದ್ದೆವು. ಅವರು ರೇಗುತ್ತಿದ್ದರು. ಕೊನೆಗೆ ಮೊಳಕಾಲ್ಮೂರಿನಿಂದ ನಮ್ಮತ್ತೆ, ಅವರ ತಂಗಿ, ನೋಡಲು ಬಂದರು. ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಕೇಳಿದವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಮ್ಮಾ, ದಾರಂ ಅಯಿಪೋಯಿಂದಿ" ಅನ್ನುತ್ತಿದ್ದಾರೆ ಕಣೇ, ನೂಲು ಮುಗೀತು ಅಂತ ಅಮ್ಮನಿಗೆ ಹೇಳುತ್ತಿದ್ದಾರೆ, ಅಂದರು. ನಮ್ಮಣ್ಣ ಹತ್ತು ವರ್ಷದ ಹುಡುಗನಾಗಿ ಮಗ್ಗದ ಮುಂದೆ ಕೂತಿದ್ದಾನೆ ಅಂದರು.

ನಮ್ಮವ್ವ ಹರಿಹರದವರು, ಕನ್ನಡದವರು. ನಮಗೆ ಯಾರಿಗೂ ತೆಲುಗು ಕಲಿಸಲಿಲ್ಲ. ಕೊನೆಗೆ ಅಜ್ಜನ ಬಳಿ ಉಳಿದದ್ದು ನಮಗೆ ಬಾರದ ಮಾತು. ಡಾಕ್ಟರನ್ನು ಕೇಳಿದೆ. ಮೊದಲು ಹೋಗುವುದು ನಿನ್ನೆ ಮೊನ್ನೆಯ ನೆನಪು, ಎಳೆಯದರಲ್ಲಿ ಕಲಿತದ್ದು ಗಟ್ಟಿಯಾಗಿ ಕೂತಿರುತ್ತದೆ ಅಂದರು. ಹೊಸ ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್ ಅನ್ನುವ ಭಾಗವನ್ನೇ ಈ ಕಾಯಿಲೆ ಮೊದಮೊದಲು ಹಿಡಿಯುತ್ತದಂತೆ.

ಎರಡು ಮಾತು ಆಡುವವರ ಬಗ್ಗೆ ಹೈದರಾಬಾದಿನಲ್ಲಿ ಒಂದು ಅಧ್ಯಯನ ಆಗಿದೆ. ಸುವರ್ಣಾ ಅಲ್ಲಾಡಿ ಅನ್ನುವ ಡಾಕ್ಟರ್ ಮತ್ತು ಅವರ ಜೊತೆಯವರು 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದರು. ಒಂದೇ ಭಾಷೆ ಬರುವವರಿಗಿಂತ ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಹಾಗೇ ಇತ್ತು. ಇದನ್ನು ಓದಿದಾಗ ನನಗೆ ಅಜ್ಜ ಕಣ್ಣ ಮುಂದೆ ಬಂದರು. ಓದಿದ್ದು ಮೂರನೇ ಕ್ಲಾಸು. ಆದರೆ ಮನೆಯಲ್ಲಿ ಕನ್ನಡ, ತಂಗಿಯ ಹತ್ತಿರ ತೆಲುಗು, ಮಿಲ್ಲಿನಲ್ಲಿ ಉರ್ದು. ಪಾಪುವಿನ ಜೊತೆ ನೀನು ಕನ್ನಡದಲ್ಲೇ ಮಾತಾಡು ಪುಟ್ಟಿ. ಇಂಗ್ಲಿಷು, ಮರಾಠಿ ಪುಣೆಯಲ್ಲಿ ತಾನಾಗೇ ಬರುತ್ತವೆ.

ಇನ್ನು ನಿನ್ನ ಪ್ರಶ್ನೆ. ಹೆತ್ತವರಿಗೆ ಆಲ್ಝೈಮರ್ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಬಂದೇ ಬರುತ್ತದೆ ಅಂತಿಲ್ಲ. ಒಂದೇ ಜೀನ್‌ನಿಂದ ನೇರವಾಗಿ ಇಳಿದು ಬರುವ ಬಗೆ ತುಂಬಾ ಅಪರೂಪ, ಅದು ಸಾಮಾನ್ಯವಾಗಿ 65ಕ್ಕಿಂತ ಮೊದಲೇ ಕಾಣಿಸುತ್ತದೆ. ನಮ್ಮ ಮನೆಯದು ಆ ಬಗೆ ಅಲ್ಲ ಅಂದರು.

ನಮ್ಮ ಕೈಯಲ್ಲಿರುವುದೂ ಇದೆ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ 14 ಕಾರಣಗಳನ್ನು ಹೆಸರಿಸಿತು. ಅವೆಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು 45%ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅವರ ಲೆಕ್ಕ. ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟ್ರಾಲ್, ಬೀಡಿ ಸಿಗರೇಟು, ಕುಡಿತ, ತಲೆಗೆ ಪೆಟ್ಟು, ಒಂಟಿತನ, ಎಳೆಯದರಲ್ಲಿ ಓದು ಸಿಗದಿರುವುದು, ಇವೆಲ್ಲ ಅದರಲ್ಲಿವೆ. ಕಿವಿ ಮಂದವಾಗುವುದೂ ಇದೆ. ಆ ಸಾಲಿನ ಹತ್ತಿರ ನಾನು ತುಂಬಾ ಹೊತ್ತು ನಿಂತೆ. ಅಮೆರಿಕದಲ್ಲಿ 70 ದಾಟಿದವರಿಗೆ ಶ್ರವಣ ಯಂತ್ರ ಕೊಟ್ಟು ಮೂರು ವರ್ಷ ಗಮನಿಸಿದರು. ಮೊದಲೇ ಅಪಾಯ ಜಾಸ್ತಿ ಇದ್ದವರಲ್ಲಿ ಯೋಚನಾ ಶಕ್ತಿ ಕುಂದುವ ವೇಗ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಅಜ್ಜನ ಕಿವಿಗೊಂದು ಮಿಷನ್ ಹಾಕಿಸಿದ್ದರೆ ಕಾಯಿಲೆ ಬರುತ್ತಲೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಕಟ್ಟೆಗೆ ಹೋಗುವುದನ್ನಾದರೂ ಬಿಡುತ್ತಿರಲಿಲ್ಲ.

ನಾನು ಹೋದ ತಿಂಗಳು ಕಿವಿ ಪರೀಕ್ಷೆ ಮಾಡಿಸಿಕೊಂಡೆ, ಚೆನ್ನಾಗಿದೆ. ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ. ಬೆಳಿಗ್ಗೆ ನಾನೂ ನಿಮ್ಮಪ್ಪನೂ ಕುಂದವಾಡ ಕೆರೆ ಏರಿಯ ಮೇಲೆ ನಡೆಯುತ್ತೇವೆ. ನನಗೀಗ 54. ಮೆದುಳಿನಲ್ಲಿ ಆಗುವ ಬದಲಾವಣೆ, ಮರೆವು ಕಾಣಿಸುವ 15-20 ವರ್ಷ ಮೊದಲೇ ಶುರುವಾಗುತ್ತದೆ. ಅಂದರೆ ನನಗೆ ಜಾಗ್ರತೆಯ ವಯಸ್ಸು ಇದೇ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ ಒಂದು ದೊಡ್ಡ ಸಂಶೋಧನೆ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ (ಐಐಎಸ್‌ಸಿ) ಮೆದುಳು ಸಂಶೋಧನಾ ಕೇಂದ್ರದ್ದು. 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಗುರಿ. ರೈತರು, ಕೂಲಿಯವರು, ಏನೂ ಕಾಯಿಲೆ ಇಲ್ಲದವರೇ ಬಂದು ರಕ್ತ ಕೊಡುತ್ತಾರೆ, ಸ್ಕ್ಯಾನ್ ಮಾಡಿಸಿಕೊಳ್ಳುತ್ತಾರೆ, ನೆನಪಿನ ಪರೀಕ್ಷೆಗೆ ಕೂರುತ್ತಾರೆ. ಇದುವರೆಗಿನ ಸಂಶೋಧನೆ ಹೆಚ್ಚಾಗಿ ಆಗಿರುವುದು ಯುರೋಪು, ಅಮೆರಿಕದವರ ಮೇಲೆ. ನಮ್ಮ ಊಟ, ನಮ್ಮ ದುಡಿಮೆ, ನಮ್ಮ ರಕ್ತ ಬೇರೆ. ಮೂರನೇ ಕ್ಲಾಸಿನ ಮುದುಕನ ಕೈಗೆ ಕಾಗದ ಕೊಟ್ಟು "ಒಂದು ವಾಕ್ಯ ಬರೆಯಿರಿ" ಅಂದರೆ ಬರೆಯಲಾಗದ್ದು ಮರೆವಿನಿಂದಲೋ, ಓದಿಲ್ಲದ್ದರಿಂದಲೋ? ಅದಕ್ಕೇ ಇಲ್ಲಿಯ ಜನರನ್ನೇ ನೋಡಬೇಕು, ಇಲ್ಲಿಯ ಮಾತಿನಲ್ಲೇ ಕೇಳಬೇಕು. 2022ರಲ್ಲಿ ನಮ್ಮ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯದ ಕಾರ್ಯಕ್ರಮವನ್ನೂ ಶುರುಮಾಡಿತು. ನಮ್ಮಂಥ ಊರಿನವರು ಪ್ರತಿ ಸಲ ಬೆಂಗಳೂರಿಗೆ ಓಡುವುದು ತಪ್ಪಬೇಕು.

ಈಗ ಈ ಪತ್ರ ಬರೆದದ್ದಕ್ಕೆ ನಿಜವಾದ ಕಾರಣ ಹೇಳುತ್ತೇನೆ. ಗಾಬರಿ ಬೀಳಬೇಡ.

ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಸತ್ತವರ ಮೆದುಳನ್ನು ಸಂಶೋಧನೆಗೆ ಇಡುವ ಜಾಗ. ಅಲ್ಲೇ ಒಂದು ಮ್ಯೂಸಿಯಂ ಕೂಡ ಇದೆ, ಅಜ್ಜ ಹೋದ ಮೇಲೆ ನಾನು ಒಬ್ಬಳೇ ಹೋಗಿ ನೋಡಿದೆ. ಕೈಗೆ ಗ್ಲೌಸ್ ಹಾಕಿಸಿ ಒಂದು ಮೆದುಳನ್ನು ಅಂಗೈ ಮೇಲೆ ಇಟ್ಟರು. ಭಯ ಆಗಲಿಲ್ಲ ಪುಟ್ಟಿ. ಇಷ್ಟರಲ್ಲೇ ಒಂದು ಮಗ್ಗ, ಒಬ್ಬ ಅಮ್ಮ, ಒಂದು ಊರು ಇತ್ತಲ್ಲ ಅನ್ನಿಸಿತು. ಜರ್ಮನಿಯ ಡಾಕ್ಟರ್ ಅಲೋಯಿಸ್ ಆಲ್ಝೈಮರ್ ಕೂಡ ಈ ಕಾಯಿಲೆಯನ್ನು ಕಂಡದ್ದು ಒಬ್ಬ ಹೆಂಗಸಿನ ಮೆದುಳಿನಲ್ಲೇ. ಆಕೆ ಅಗಸ್ಟೆ ಡಿಟರ್. 1901ರಲ್ಲಿ ಆಸ್ಪತ್ರೆ ಸೇರಿದಾಗ ಆಕೆಗೆ 51, ನನಗಿಂತ ಚಿಕ್ಕವಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿದ್ದ ಗಂಟುಗಳನ್ನು, ಗಡ್ಡೆಗಟ್ಟಿದ ಕಸವನ್ನು ಅವರು ಗುರುತಿಸಿದರು. ಇವತ್ತು ಬಂದಿರುವ ಲೆಕಾನೆಮ್ಯಾಬ್‌ನಂಥ ಔಷಧಿ ತೆಗೆಯಲು ನೋಡುವುದು ಆ ಕಸವನ್ನೇ. ಅದು ವಾಸಿ ಮಾಡುವುದಿಲ್ಲ, ಆರಂಭದಲ್ಲೇ ಕೊಟ್ಟರೆ ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ.

ಅಜ್ಜನದನ್ನು ಕೊಡಲು ಆಗಲಿಲ್ಲ. ನನಗೆ ಆಗ ಹೊಳೆಯಲೇ ಇಲ್ಲ. ನನ್ನದನ್ನು ಕೊಡಬೇಕು ಅಂತ ತೀರ್ಮಾನ ಮಾಡಿದ್ದೇನೆ. ಮರೆವು ಬಂದಿರಲಿ, ಬರದೇ ಇರಲಿ. ಚೆನ್ನಾಗಿರುವ ಮೆದುಳೂ ಅವರಿಗೆ ಬೇಕು, ಹೋಲಿಸಿ ನೋಡಲು. ಮುಖ ಕೆಡುವುದಿಲ್ಲ, ಆಮೇಲೆ ಮಣ್ಣು ಮಾಡುವುದಕ್ಕೂ ಅಡ್ಡಿಯಿಲ್ಲ. ನಿಮ್ಮಪ್ಪ ಒಂದು ರಾತ್ರಿ ಮಾತು ಬಿಟ್ಟಿದ್ದರು, ಬೆಳಿಗ್ಗೆ ಒಪ್ಪಿದರು. ಆದರೆ ನಾನು ಬರೆದಿಟ್ಟರೆ ಸಾಲದು. ಆ ಹೊತ್ತಿನಲ್ಲಿ ಮನೆಯವರು ಒಪ್ಪಬೇಕು, ಬೇಗ ತಿಳಿಸಬೇಕು. ಆಗ ನೀನು ಅಳುತ್ತಿರುತ್ತೀಯ, ನೆಂಟರು ಹತ್ತು ಮಾತಾಡುತ್ತಾರೆ. ಅದಕ್ಕೇ ಈಗಲೇ ಹೇಳುತ್ತಿದ್ದೇನೆ. ಇದು ನನ್ನ ಆಸೆ, ಸಹಿ ನಿನ್ನದು.

ಅದಕ್ಕೆ ಮುಂಚೆ ಇನ್ನೊಂದು. ನಾನು ಒಂದೇ ಕಥೆ ಮೂರು ಸಲ ಹೇಳತೊಡಗಿದರೆ, ಸಾರಿಗೆ ಹುಳಿ ಹಾಕುವುದು ದಿನಾ ಮರೆತರೆ, ಗೊತ್ತಿರುವ ರಸ್ತೆಯಲ್ಲಿ ನಿಂತು ನೋಡತೊಡಗಿದರೆ, ಅರಳು ಮರಳು ಅಂದುಬಿಡಬೇಡ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಾನು ಬರುವುದಿಲ್ಲ ಅಂತ ಹಟ ಮಾಡಬಹುದು. ಆಗ ಈ ಕಾಗದ ತೋರಿಸು.

ದೀಪಾವಳಿಗೆ ಬಂದಾಗ ನಿನಗೊಂದು ವಸ್ತು ಕೊಡುತ್ತೇನೆ. ಅಜ್ಜ ಕೊನೆಯ ತಿಂಗಳುಗಳಲ್ಲಿ ಹೊದೆಯುತ್ತಿದ್ದ ಶಾಲು. ನನ್ನ ಹೆಸರು ಮರೆತಿದ್ದರು, ಆದರೆ ಬೆರಳು ಮರೆತಿರಲಿಲ್ಲ. ಶಾಲಿನ ಅಂಚಿನಲ್ಲಿ ಬಿಟ್ಟಿದ್ದ ಎಳೆಗಳನ್ನು ಹಿಡಿದು ದಿನವಿಡೀ ನೇಕಾರರ ಗಂಟು ಹಾಕುತ್ತಿದ್ದರು. ಒಂದು ಅಂಚು ಪೂರ್ತಿ ಆಗಿದೆ. ಇನ್ನೊಂದು ಅರ್ಧಕ್ಕೆ ನಿಂತಿದೆ.

ನಿನ್ನ
ಅಮ್ಮ