ತೆರೆಯ ಮೇಲೆ ಬಾರದ ಕೆಲಸಕ್ಕೆ ನಮಸ್ಕಾರ

ಆಕಾಶದ ದೂರಗಳನ್ನು ಮನುಷ್ಯರು ಅಳೆದ ಬಗೆಯನ್ನು ಕುರಿತ ನಮ್ಮ ಸಾಕ್ಷ್ಯಚಿತ್ರ ಸರಣಿಯ ಕೊನೆಯ ಕಂತು ಕಳೆದ ವಾರ ಪ್ರಸಾರವಾಯಿತು. ಮೂರು ವರ್ಷಗಳ ಕೆಲಸ ಮುಗಿಯಿತು. ಕಂತಿನ ಕೊನೆಯಲ್ಲಿ ಓಡುವ ಹೆಸರುಗಳಿಗೆ ಸಿಕ್ಕಿದ್ದು 20 ಸೆಕೆಂಡು. ಯಾರು ಏನು ಮಾಡಿದರು ಎಂಬುದು ಅಷ್ಟರಲ್ಲಿ ತಿಳಿಯುವುದಿಲ್ಲ. ತಾವು ಮಾಡಿದ ಕೆಲಸವನ್ನು ಸರಣಿಗಾಗಿ ಬಿಟ್ಟುಕೊಟ್ಟವರು ಯಾರೆಂಬುದಂತೂ ಎಲ್ಲಿಯೂ ತಿಳಿಯುವುದಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಭೆಗೆ ನಾನು ಒಯ್ದದ್ದು 31 ಕಂತುಗಳ ಪಟ್ಟಿ. ಗ್ರಹಣ, ಧೂಮಕೇತು, ದೂರದರ್ಶಕ, ಕಪ್ಪುಕುಳಿ, ಯಾವುದನ್ನೂ ಬಿಡುವ ಮನಸ್ಸಿರಲಿಲ್ಲ. ವಾಹಿನಿಯವರು ಒಪ್ಪಿದ್ದು 13ಕ್ಕೆ. ವಾರಕ್ಕೊಂದರಂತೆ ವರ್ಷದ 52 ವಾರಗಳಲ್ಲಿ ಕಾಲು ಭಾಗ. ಇದು ಟೆಲಿವಿಷನ್‌ನ ಹಳೆಯ ಲೆಕ್ಕ. ಕಂತಿಗೆ ಅರ್ಧ ಗಂಟೆ, ಜಾಹೀರಾತು ಕಳೆದರೆ 22 ನಿಮಿಷ. ಇಡೀ ಸರಣಿ ಕೂಡಿಸಿದರೂ ಐದು ಗಂಟೆ ತುಂಬುವುದಿಲ್ಲ.

ಚಿತ್ರೀಕರಣಕ್ಕೂ ಮೊದಲೇ ಸಂಕಲನಕಾರರನ್ನು ಸಭೆಗೆ ಕರೆದು ಕೂರಿಸಿಕೊಂಡಿದ್ದೆವು. ನಮ್ಮ ಪುಣ್ಯ. ಅವರು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿ, "ಮೇಡಂ, ಕೊನೆಯ ಕಂತು ನೋಡಿ ಎದ್ದವರು ಯಾವ ಒಂದು ಪ್ರಶ್ನೆಗೆ ಉತ್ತರ ಹೇಳುವಂತಾಗಬೇಕು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವಾರ ಕಳೆದ ಮೇಲೆ ಒಂದು ಕಾರ್ಡಿನ ಮೇಲೆ "ಅಷ್ಟು ದೂರ ಎಂದು ಹೇಗೆ ಗೊತ್ತಾಯಿತು?" ಎಂದು ಬರೆದು ಗೋಡೆಗೆ ಅಂಟಿಸಿದೆವು. ಅಲ್ಲಿಂದ ಮುಂದೆ ಪ್ರತಿಯೊಂದು ವಿಷಯವೂ ಆ ಕಾರ್ಡಿಗೆ ಜವಾಬು ಹೇಳಬೇಕಾಯಿತು. ಕಪ್ಪುಕುಳಿ, ಧೂಮಕೇತುಗಳು ಒಂದೇ ಮಧ್ಯಾಹ್ನ ಹೊರಗೆ ಹೋದವು. ಆ ಒಂದು ಪ್ರಶ್ನೆಗಾಗಿ ಸಂಕಲನಕಾರರಿಗೆ ನಾನು ಎಷ್ಟು ಋಣಿಯೆಂದರೆ, ಅವರು ಮುಂದೆ ಸಂಕಲನದ ಕೋಣೆಯಲ್ಲಿ ಕಳೆದ ಅಷ್ಟೂ ರಾತ್ರಿಗಳ ಲೆಕ್ಕ ಅದಾದ ಮೇಲೆ ಬರುತ್ತದೆ.

ಎಲ್ಲಕ್ಕಿಂತ ನೋವು ಕೊಟ್ಟದ್ದು ಸಿಸಿಲಿಯಾ ಪೇನ್ ಅವರ ಕಂತು. ನಕ್ಷತ್ರಗಳಲ್ಲಿ ಹೆಚ್ಚಿನ ಪಾಲು ಜಲಜನಕವೇ ಇದೆ ಎಂಬ ಲೆಕ್ಕ ಅವರ 1925ರ ಡಾಕ್ಟರೇಟ್ ಪ್ರಬಂಧದಲ್ಲಿತ್ತು. ಹಿರಿಯ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಒಪ್ಪಲಿಲ್ಲ. ಆ ಫಲಿತಾಂಶ ನಿಜವಿರಲಾರದು ಎಂದು ಪೇನ್ ತಮ್ಮ ಪ್ರಬಂಧದಲ್ಲೇ ಬರೆಯಬೇಕಾಯಿತು. ನಾಲ್ಕು ವರ್ಷಗಳ ನಂತರ ರಸೆಲ್ ತಾವೇ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದರು. ನಮ್ಮ ಸಂಶೋಧಕಿ ಇದಕ್ಕಾಗಿ ಐದು ತಿಂಗಳು ದುಡಿದಿದ್ದರು. ಅವರ ಟಿಪ್ಪಣಿಗಳೇ ಎರಡು ದಪ್ಪ ಕಡತಗಳಾಗಿದ್ದವು. ಆದರೆ ಅದು ನಕ್ಷತ್ರ ಯಾವುದರಿಂದ ಆಗಿದೆ ಎಂಬುದರ ಕಥೆ, ಎಷ್ಟು ದೂರದಲ್ಲಿದೆ ಎಂಬುದರದ್ದಲ್ಲ. ಅದನ್ನು ಅವರಿಗೆ ಹೇಳುವುದು ಹೇಗೆಂದು ನಾನು ಒದ್ದಾಡುತ್ತಿದ್ದಾಗ ಅವರೇ ಗೋಡೆಯ ಬಳಿ ಹೋಗಿ, ಆ ಕಂತಿನ ಒಂಬತ್ತು ಕಾರ್ಡುಗಳನ್ನು ಒಂದೊಂದಾಗಿ ಬಿಡಿಸಿ, ರಬ್ಬರ್ ಬ್ಯಾಂಡ್ ಹಾಕಿ ನನ್ನ ಮೇಜಿನ ಮೇಲಿಟ್ಟರು. ಆಮೇಲೆ ಖಾಲಿಯಾದ ಜಾಗಕ್ಕೆ ಪಕ್ಕದ ಕಾರ್ಡುಗಳನ್ನು ಸರಿಸಿದರು. ಆ ಹೊತ್ತಿಗೆ ನನ್ನಿಂದ ಮಾತು ಹೊರಡಲಿಲ್ಲ. ಅಂದು ಹೇಳಬೇಕಾಗಿದ್ದ ಧನ್ಯವಾದವನ್ನು ಇಂದು ಎಲ್ಲರೆದುರು ಹೇಳುತ್ತಿದ್ದೇನೆ.

ಲ ಜಾಂಟಿಲ್ ಅವರ ವಿಷಯದಲ್ಲಿ ಮೂರು ವಾರ ಜಗಳವಾಡಿದೆವು. ಸೂರ್ಯನ ದೂರವನ್ನು ತಿಳಿಯಲು ಶುಕ್ರ ಸಂಕ್ರಮಣವನ್ನು, ಅಂದರೆ ಸೂರ್ಯನ ಮುಂದೆ ಶುಕ್ರಗ್ರಹ ಹಾದುಹೋಗುವುದನ್ನು, ಭೂಮಿಯ ಬೇರೆ ಬೇರೆ ಕಡೆಗಳಿಂದ ನೋಡಿ ಹೋಲಿಸಬೇಕಿತ್ತು. 1761ರಲ್ಲಿ ಈ ಫ್ರೆಂಚ್ ಖಗೋಳಜ್ಞರು ಸಮುದ್ರದ ನಡುವೆ ಹಡಗಿನಲ್ಲಿ ಸಿಕ್ಕಿಕೊಂಡರು. ಮುಂದಿನ ಸಂಕ್ರಮಣಕ್ಕೆ ಎಂಟು ವರ್ಷ ಕಾದರು. 1769ರಲ್ಲಿ ಪುದುಚೇರಿಯಲ್ಲಿ ಸರಿಯಾಗಿ ಆ ಹೊತ್ತಿಗೇ ಮೋಡ ಕವಿಯಿತು. ಊರಿಗೆ ಮರಳಿದರೆ ಅವರು ಸತ್ತರೆಂದೇ ಎಲ್ಲರೂ ತಿಳಿದಿದ್ದರು. ನಾನು ಆರು ನಿಮಿಷಗಳ ಚಿತ್ರಕಥೆ ಬರೆದೆ. ಅವರು ಅಳತೆಗೆ ಕೊಟ್ಟದ್ದೇನು ಎಂಬುದು ಸಂಕಲನಕಾರರ ಪ್ರಶ್ನೆ. ದಾರಿ ತೋರಿಸಿದವರು ನಮ್ಮ ವಿಷಯ ಸಲಹೆಗಾರರಾದ ಹಿರಿಯ ಖಗೋಳ ಅಧ್ಯಾಪಕರು. 1761ರಲ್ಲಿ ಹಡಗಿನ ಮೇಲಿಂದ ಲ ಜಾಂಟಿಲ್ ಅವರಿಗೆ ಸಂಕ್ರಮಣ ಕಂಡಿತ್ತು. ಆದರೆ ಓಲಾಡುವ ಹಡಗಿನಲ್ಲಿ ನಿಖರವಾಗಿ ಸಮಯ ಗುರುತಿಸಲಾಗದೆ, ನಿಂತ ಜಾಗವೂ ಖಚಿತವಿಲ್ಲದೆ ಆ ನೋಟ ಲೆಕ್ಕಕ್ಕೆ ಬಾರದಾಯಿತು ಎಂದು ಅವರು ವಿವರಿಸಿದರು. ದೂರ ಅಳೆಯಲು ಮೊದಲು ನಾವು ನಿಂತ ಜಾಗ ಗೊತ್ತಿರಬೇಕು, ಗಡಿಯಾರ ಸರಿಯಿರಬೇಕು ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಹಡಗು ಉಳಿಯಿತು, ಮೋಡ ಉಳಿಯಿತು. ಸಾವಿನ ಸುದ್ದಿ ಹೋಯಿತು. ನನಗೆ ಅತ್ಯಂತ ಪ್ರಿಯವಾಗಿದ್ದ ಭಾಗ ಅದೇ. ಆರು ನಿಮಿಷ ಒಂದೂವರೆ ನಿಮಿಷವಾಯಿತು, ಇಡೀ ಕಂತಿನಲ್ಲಿ ಅದೇ ಅತ್ಯಂತ ಗಟ್ಟಿಯಾದ ಭಾಗವಾಯಿತು. ಸರ್, ನಿಮಗೆ ನನ್ನ ಗೌರವಪೂರ್ವಕ ವಂದನೆಗಳು.

ಕ್ಯಾಮೆರಾ ಮತ್ತು ಧ್ವನಿ ವಿಭಾಗದ ಗೆಳೆಯರು ನಡುವೆ ನಾಲ್ಕು ತಿಂಗಳು ಹಣ ಬಾರದಿದ್ದಾಗಲೂ ನಮ್ಮನ್ನು ಬಿಟ್ಟು ಹೋಗಲಿಲ್ಲ. ಅದನ್ನು ಎಂದಿಗೂ ಮರೆಯಲಾರೆ. ನಿರೂಪಕಿ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಉಸಿರು ಸಾಲದ ಕಡೆಯಲ್ಲೆಲ್ಲ ಪೆನ್ಸಿಲ್ ಗೆರೆ ಎಳೆದುಕೊಟ್ಟರು. ಗೆರೆ ಬಿದ್ದ ಕಡೆಗಳಲ್ಲಿ ಹೆಚ್ಚಾಗಿ ಒಂದು ವಿಶೇಷಣ ಇರುತ್ತಿತ್ತು, ತೆಗೆದರೆ ಸಾಲು ಹಗುರಾಗುತ್ತಿತ್ತು.

ಒಂದು ಕಂತು ಮಾತ್ರ ಬೆಳೆಯಿತು. ಹೆನ್ರಿಯೆಟ್ಟಾ ಲೆವಿಟ್ ಅವರಿಗೆ ಮೊದಲು ನಾನು ಅರ್ಧ ಕಂತು ಇಟ್ಟಿದ್ದೆ, ಉಳಿದರ್ಧ ಎಡ್ವಿನ್ ಹಬಲ್ ಅವರಿಗೆ. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಆಕಾಶದ ಚಿತ್ರ ಮೂಡಿದ್ದ ಗಾಜಿನ ಫಲಕಗಳನ್ನು ಪರಿಶೀಲಿಸುತ್ತ ಲೆವಿಟ್ 25 ನಕ್ಷತ್ರಗಳನ್ನು ಹೋಲಿಸಿ, ಹೆಚ್ಚು ಪ್ರಕಾಶದವು ನಿಧಾನವಾಗಿ ಮಿಡಿಯುತ್ತವೆ ಎಂದು 1912ರಲ್ಲಿ ತೋರಿಸಿದರು. ಮಿಡಿತದಿಂದ ನಿಜವಾದ ಪ್ರಕಾಶ ತಿಳಿಯುತ್ತದೆ, ಅದನ್ನು ನಮಗೆ ಕಾಣುವ ಪ್ರಕಾಶದೊಂದಿಗೆ ಹೋಲಿಸಿದರೆ ದೂರ ಸಿಗುತ್ತದೆ. ಅಂಥ ಒಂದು ನಕ್ಷತ್ರ ಆಂಡ್ರೊಮಿಡಾ ಎಂಬ ನಕ್ಷತ್ರಸಮೂಹದಲ್ಲಿ 1923ರಲ್ಲಿ ಸಿಕ್ಕಿದ್ದರಿಂದಲೇ ಅದು ನಮ್ಮ ಗ್ಯಾಲಕ್ಸಿಯ ಹೊರಗಿದೆಯೆಂದು ಹಬಲ್ ಹೇಳಲು ಸಾಧ್ಯವಾಯಿತು. ಲೆವಿಟ್ 1921ರಲ್ಲೇ ತೀರಿಕೊಂಡಿದ್ದರು. ನಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇಡೀ ಸರಣಿಯಲ್ಲಿ ಇಲ್ಲ. ಪೇನ್ ಅವರ ಕಂತು ಬಿಟ್ಟುಕೊಟ್ಟ ಜಾಗ ಲೆವಿಟ್ ಅವರಿಗೆ ಹೋಯಿತು. ಹಾಗಾಗಬೇಕೆಂದು ಸೂಚಿಸಿದವರೂ ಅದೇ ಸಂಶೋಧಕಿ.

ಕೊನೆಯದಾಗಿ, ಆ ಕಂತನ್ನು ನೋಡಿ ಪತ್ರ ಬರೆದ ಏಳನೇ ತರಗತಿಯ ವಿದ್ಯಾರ್ಥಿನಿಗೆ. ಫಲಕದಲ್ಲಿ ಆಕಾಶ ಬೆಳ್ಳಗೆ, ನಕ್ಷತ್ರಗಳು ಕಪ್ಪು ಚುಕ್ಕೆಗಳಾಗಿ ಏಕೆ ಇವೆ ಎಂದು ನೀನು ಕೇಳಿದ್ದೀಯ. ಅದು ನೆಗೆಟಿವ್, ಬೆಳಕು ಬಿದ್ದಲ್ಲಿ ಕಪ್ಪಾಗುತ್ತದೆ ಎಂದು ವಿವರಿಸುವ 40 ಸೆಕೆಂಡು ನಮ್ಮಲ್ಲಿತ್ತು. ಎಲ್ಲರಿಗೂ ಗೊತ್ತಿರುತ್ತದೆ ಎಂದು ನಾನೇ ಅದನ್ನು ತೆಗೆಸಿದೆ. ಫಿಲ್ಮ್ ನೆಗೆಟಿವ್ ಅನ್ನು ಕೈಯಲ್ಲಿ ಹಿಡಿದೇ ನೋಡದ ಮಕ್ಕಳು ಟಿವಿಯ ಮುಂದೆ ಕೂತಿರುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ, ತಪ್ಪು ನನ್ನದು. ನಿನ್ನ ಪತ್ರವನ್ನು ಸಂಕಲನಕಾರರಿಗೆ ಓದಿ ಹೇಳಿದೆ. ಮರುಪ್ರಸಾರವಾಗುವ ಪ್ರತಿಯಲ್ಲಿ ಆ 40 ಸೆಕೆಂಡು ಮರಳಿ ಸೇರಿದೆ. ಅದಕ್ಕೆ ಜಾಗ ಮಾಡಲು ಆರಂಭದ ನಕ್ಷತ್ರಾಕಾಶದ ದೃಶ್ಯವನ್ನು ಮೊಟಕುಗೊಳಿಸಿದ್ದೇವೆ. ನಿನಗೆ ತುಂಬಾ ಥ್ಯಾಂಕ್ಸ್, ಪುಟ್ಟಿ.