ಗೆಳೆಯನಿಗೊಂದು ಪತ್ರ: ಇನ್ನೊಮ್ಮೆ ಯಾಕೆ ಕೇಳಬಾರದು?

ಪ್ರೀತಿಯ ಗೆಳೆಯ,

ಭಾನುವಾರ ಫೋನಿನಲ್ಲಿ ಇಬ್ಬರೂ ದನಿ ಏರಿಸಿದೆವು. ಫೋನ್ ಇಟ್ಟ ಮೇಲೆ ಬೇಜಾರಾಯಿತು. ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕಾ ಅಂತ ಸ್ಕಾಟ್ಲೆಂಡಿನ ಜನರ ಮತ ಇನ್ನೊಮ್ಮೆ ಕೇಳಬೇಕು ಅನ್ನೋದು ನನ್ನ ವಾದ, ಕೇಳಬಾರದು ಅನ್ನೋದು ನಿನ್ನದು. ಅವತ್ತು ಸರಿಯಾಗಿ ಹೇಳಲು ಆಗದ್ದನ್ನು ಈಗ ಸಮಾಧಾನವಾಗಿ ಬರೆಯುತ್ತಿದ್ದೇನೆ.

"ಸ್ಕಾಟ್ಲೆಂಡಿನವರು 2014ರಲ್ಲೇ ಬೇಡ ಅಂದಾಗಿದೆ. ಸೋತವರು ಗೆಲ್ಲೋ ತನಕ ಕೇಳ್ತಾನೇ ಇರೋದಾ?" ಅಂದೆ ನೀನು. ನಾನು ಸೋತವನಲ್ಲ ಕಣೋ. ಆ ಸೆಪ್ಟೆಂಬರ್ 18ರಂದು ಎಡಿನ್‌ಬರಾದಲ್ಲಿ ನಾನು ಹಾಕಿದ್ದು 'ಬೇಡ' ಅಂತಲೇ. ಆ ಶೇ 55.3 ಮತಗಳಲ್ಲಿ ನನ್ನದೂ ಒಂದು. ಕಾಮನ್‌ವೆಲ್ತ್ ದೇಶದವರು ಇಲ್ಲಿ ನೆಲೆಸಿದ್ದರೆ ಮತ ಹಾಕಬಹುದು. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹಾಕಿದ್ದೆ.

ನಮ್ಮದು ಹಳೆಯ ಕಲ್ಲಿನ ಕಟ್ಟಡ, ಎಂಟು ಮನೆಗೆ ಒಂದೇ ಮೆಟ್ಟಿಲು. ಎದುರು ಮನೆಯಾಕೆ ಪೋಲೆಂಡಿನವರು. ಅವತ್ತು ಇಬ್ಬರೂ ಜೊತೆಗೇ ಹೋಗಿದ್ದೆವು, ಪಕ್ಕದ ಬೀದಿಯ ಪ್ರೈಮರಿ ಶಾಲೆಗೆ. ದಾರ ಕಟ್ಟಿದ ಮೋಟು ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಇದೇನು ಮಕ್ಕಳಾಟ ಅಂತ ಆಕೆ ನಕ್ಕಿದ್ದರು. ಆಕೆ ಹಾಕಿದ್ದೂ 'ಬೇಡ' ಅಂತಲೇ. ಕಾರಣ ಒಂದೇ. ಬ್ರಿಟನ್ ಜೊತೆ ಇದ್ದರೆ ಯುರೋಪಿನ ಒಕ್ಕೂಟದಲ್ಲೂ ಇರುತ್ತೇವೆ, ಬೇರೆಯಾದರೆ ಮತ್ತೆ ಒಳಗೆ ಸೇರೋಕೆ ಎಷ್ಟು ವರ್ಷವೋ. ಒಟ್ಟಿಗೇ ಇರೋಣ ಅಂತ ಪ್ರಚಾರ ಮಾಡಿದವರು ಹೇಳುತ್ತಿದ್ದದ್ದೂ ಅದನ್ನೇ.

ಎರಡು ವರ್ಷ ತುಂಬುವ ಮೊದಲೇ, 2016ರ ಜೂನ್ 23ಕ್ಕೆ, ಮತ್ತೆ ಅದೇ ಶಾಲೆ. ಈ ಸಲ ಪ್ರಶ್ನೆ ಯುರೋಪಿನದು. ನನಗೆ ಮತ ಇತ್ತು, ಆಕೆಗೆ ಇರಲಿಲ್ಲ. ನನಗಿಂತ ಮೊದಲೇ ಬಂದು ನೆಲೆಸಿದವರು, ನನ್ನ ಹಾಗೇ ತೆರಿಗೆ ಕಟ್ಟುವವರು. ಮಗನ ಕೈ ಹಿಡಿದುಕೊಂಡು ಶಾಲೆಯ ಗೇಟಿನ ತನಕ ಬಂದು ಅಲ್ಲೇ ನಿಂತರು. ನಾನು ಹೊರಗೆ ಬಂದಾಗ, "ಪೆನ್ಸಿಲ್ಲೇನಾ ಈ ಸಲಾನೂ?" ಅಂತ ಕೇಳಿದರು. ಹೌದು ಅಂದೆ. ಮನೆ ತನಕ ಮತ್ತೆ ಮಾತಿಲ್ಲ.

ಸ್ಕಾಟ್ಲೆಂಡಿನಲ್ಲಿ ಶೇ 62ರಷ್ಟು ಮತ ಯುರೋಪಿನಲ್ಲೇ ಉಳಿಯೋಣ ಅಂತ ಬಿತ್ತು. 32 ಕೌನ್ಸಿಲ್ ಪ್ರದೇಶಗಳಲ್ಲಿ ಒಂದೂ ಹೊರಗೆ ಹೋಗೋಣ ಅನ್ನಲಿಲ್ಲ. ಆದರೆ ಇಡೀ ಬ್ರಿಟನ್ನಿನ ಲೆಕ್ಕ ಶೇ 51.9, ಹೊರಗೆ. 2020ರ ಜನವರಿ 31ಕ್ಕೆ ಹೊರಬಿದ್ದೇ ಬಿಟ್ಟೆವು. ಎದುರು ಮನೆಯಾಕೆ ಇಷ್ಟು ವರ್ಷ ಬಾಳಿದ ಊರಿನಲ್ಲೇ ಉಳಿಯೋಕೆ ಹೊಸದಾಗಿ ಅರ್ಜಿ ಹಾಕಬೇಕಾಯಿತು.

ಯಾವ ಮಾತು ನಂಬಿ ನಾವಿಬ್ಬರೂ 'ಬೇಡ' ಅಂದೆವೋ ಆ ಮಾತೇ ಬಿದ್ದುಹೋಯಿತು. ಹಾಗಿದ್ದ ಮೇಲೆ ನನ್ನನ್ನು ಇನ್ನೊಮ್ಮೆ ಕೇಳಬೇಕೋ ಬೇಡವೋ?

ತಲೆಮಾರಿಗೊಮ್ಮೆ ಸಿಗುವ ಅವಕಾಶ ಅಂತ 2014ರಲ್ಲಿ ಸ್ವಾತಂತ್ರ್ಯದ ಪರ ಮುಂದಾಳಾಗಿದ್ದ ಅಲೆಕ್ಸ್ ಸಾಲ್ಮಂಡ್ ಅವರೇ ಹೇಳಿದ್ದರಲ್ಲ ಅಂದೆ ನೀನು. ನಿಜ, ಹೇಳಿದ್ದರು. ಒಬ್ಬ ನಾಯಕ ಪ್ರಚಾರದಲ್ಲಿ ಆಡಿದ ಮಾತಿಗೆ ಇಡೀ ಜನ ಕಟ್ಟುಬೀಳಬೇಕು ಅನ್ನೋದಾದರೆ, ಯುರೋಪಿನ ಬಗ್ಗೆ 'ಒಟ್ಟಿಗೇ ಇರೋಣ' ಅಂದವರು ಆಡಿದ ಮಾತಿಗೂ ಅದೇ ನ್ಯಾಯ ಅಲ್ವಾ?

"ಕರ್ನಾಟಕ ಒಂದಾಗಲಿ ಅಂತ ನಮ್ಮ ಅಜ್ಜಂದಿರು ಒದ್ದಾಡಿದರು, ನೀನು ಒಡೆಯೋ ಮಾತಾಡ್ತೀಯ" ಅಂದದ್ದು ಮಾತ್ರ ಚುಚ್ಚಿತು. ಹುಬ್ಬಳ್ಳಿಯವನು ನೀನು, ಹಾಗನ್ನಿಸೋದು ಸಹಜ. ಅವರು ಕೇಳಿದ್ದು ದೇಶದೊಳಗಿನ ಒಂದು ರಾಜ್ಯ, ಇಲ್ಲಿ ಕೇಳುತ್ತಿರುವುದು ಬೇರೆ ದೇಶ. ಎರಡೂ ಒಂದೇ ಅಲ್ಲ ಅಂತ ಗೊತ್ತು. ಆದರೆ ನೆನಪಿಸಿಕೋ. ಮುಂಬೈ, ಮದ್ರಾಸು, ಹೈದರಾಬಾದು ಅಂತ ಹಂಚಿಹೋಗಿದ್ದ ನಮ್ಮವರು ಒಮ್ಮೆ ಕೇಳಿ ಸುಮ್ಮನಾದರಾ? 1956ರ ನವೆಂಬರ್ 1ರ ತನಕ ಕೇಳುತ್ತಲೇ ಇದ್ದರು. ಅದನ್ನು ಹಟ ಅಂತ ನಾವು ಯಾವತ್ತೂ ಕರೆದಿಲ್ಲ.

ನಿನ್ನ ಒಂದು ಮಾತು ನಾನು ಒಪ್ಪುತ್ತೇನೆ. ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟದ್ದು, ಆದ ಮೇಲೆ ಸ್ವಾತಂತ್ರ್ಯದ ದಾರಿ ಇನ್ನೂ ಕಷ್ಟವಾಗಿದೆ. ಇಲ್ಲಿಯ ವ್ಯಾಪಾರದಲ್ಲಿ ದೊಡ್ಡ ಪಾಲು ಇಂಗ್ಲೆಂಡಿನ ಜೊತೆಗೇ. ನಾಳೆ ಸ್ಕಾಟ್ಲೆಂಡ್ ಯುರೋಪಿಗೆ ಸೇರಿದರೆ ಬೆರಿಕ್ ಹತ್ತಿರ ಕಸ್ಟಮ್ಸ್ ಗೇಟ್ ಬರುತ್ತದೆ. ಈಗ ಲಂಡನ್ ರೈಲು ಸುಮ್ನೆ ದಾಟಿಹೋಗುವ ಗಡಿ ಅದು. ಯಾವ ನಾಣ್ಯ ಅನ್ನೋದಕ್ಕೂ ನನ್ನ ಮನಸ್ಸಿಗೆ ಒಪ್ಪುವ ಉತ್ತರ ಸಿಕ್ಕಿಲ್ಲ. 2024ರ ಬ್ರಿಟನ್ ಸಂಸತ್ತಿನ ಚುನಾವಣೆಯಲ್ಲಿ ಸ್ವಾತಂತ್ರ್ಯ ಕೇಳುವ ಪಕ್ಷ ಎಸ್‌ಎನ್‌ಪಿ 9 ಸೀಟಿಗೆ ಇಳಿದದ್ದೂ ನಿಜ. ಜನ ಆ ಪಕ್ಷಕ್ಕೆ ಬೇಸತ್ತಿದ್ದರು. ಹಾಗಂತ ಸ್ವಾತಂತ್ರ್ಯದ ಆಸೆ ಬಿಟ್ಟಿಲ್ಲ, ಸಮೀಕ್ಷೆಗಳಲ್ಲಿ ಅದು ಅರ್ಧದ ಆಸುಪಾಸಿನಲ್ಲೇ ಇದೆ. ನಾಳೆಯೇ ಮತ ಅಂದರೆ ಎಲ್ಲಿ ಗುರುತು ಹಾಕುತ್ತೇನೋ ನನಗೇ ಗೊತ್ತಿಲ್ಲ. ಆದರೆ ಕೇಳಲೇಬಾರದು ಅನ್ನೋದನ್ನು ಒಪ್ಪಲಾರೆ.

2017ರಲ್ಲಿ ಆಗಿನ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಇನ್ನೊಂದು ಜನಮತ ಕೇಳಿದಾಗ ಆಗಿನ ಬ್ರಿಟನ್ ಪ್ರಧಾನಿ ಥೆರೇಸಾ ಮೇ ಅವರು ಇದು ಸಮಯವಲ್ಲ ಅಂದರು. 2020ರಲ್ಲಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಸಹ ಆಗದು ಅಂದರು. ಲಂಡನ್ನಿನ ಒಪ್ಪಿಗೆ ಇಲ್ಲದೆ ಇಲ್ಲಿಯ ಸಂಸತ್ತು ಜನಮತ ನಡೆಸುವಂತಿಲ್ಲ ಅಂತ 2022ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟೂ ಹೇಳಿತು. ಕಾನೂನು ಹಾಗಿದೆ, ಸರಿ. ಉತ್ತರ ಐರ್ಲೆಂಡಿಗಾದರೆ 1998ರ ಶಾಂತಿ ಒಪ್ಪಂದದಲ್ಲಿ ದಾರಿ ಬರೆದಿಟ್ಟಿದ್ದಾರೆ. ಬೇರೆಯಾಗಲು ಹೆಚ್ಚಿನವರು ಸಿದ್ಧ ಅನ್ನಿಸಿದರೆ ಮತಕ್ಕೆ ಹಾಕಬೇಕು, ಒಮ್ಮೆ ಹಾಕಿದ ಮೇಲೆ ಏಳು ವರ್ಷ ಕಾಯಬೇಕು. ಸ್ಕಾಟ್ಲೆಂಡಿಗೆ ಅಂಥ ಒಂದು ಸಾಲೂ ಇಲ್ಲ.

ಮುಂದಿನ ಭಾನುವಾರ ಫೋನ್ ಮಾಡುತ್ತೇನೆ. ಒಂದಕ್ಕೆ ಉತ್ತರ ಹೇಳು. ಕೇಳಬಹುದಾದರೆ ಯಾವಾಗ? ಒಂದು ವರ್ಷ ಹೇಳು. ಈಗ ಬೇಡ ಅಂತ ಮಾತ್ರ ಹೇಳಬೇಡ.

ನಿನ್ನ ಗೆಳೆಯ