ಅಮ್ಮಂದಿರೂ ಭಾರ ಎತ್ತಲಿ

ಮಾನ್ಯ ಸಂಪಾದಕರೇ,

ನಮ್ಮ ಅಮ್ಮನಿಗೆ 64 ವರ್ಷ. ಹೋದ ವರ್ಷ ನೆಂಟರ ಮದುವೆಯಲ್ಲಿ ನೆಲದ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೆವು. ಊಟ ಮುಗಿದು ಎಲ್ಲರೂ ಕೈ ತೊಳೆಯಲು ಹೋದರು, ಅಮ್ಮ ಮಾತ್ರ ಏಳಲಿಲ್ಲ. ಎಡಗೈ ನೆಲಕ್ಕೆ ಊರಿ, ಎಂಜಲು ಕೈಯನ್ನು ದೂರ ಹಿಡಿದುಕೊಂಡು ಎರಡು ಸಲ ಪ್ರಯತ್ನಪಟ್ಟರು. ಆಮೇಲೆ ನಾನೇ ಎತ್ತಬೇಕಾಯಿತು. ದಿನಾ ಬೆಳಿಗ್ಗೆ ತಪ್ಪದೆ ವಾಕಿಂಗ್ ಹೋಗುವವರು ಅವರು!

ವಾಕಿಂಗ್ ಒಂದಿದ್ದರೆ ಸಾಕು ಅಂತ ನಾವೆಲ್ಲ ನಂಬಿದ್ದೇವೆ. ಹೃದಯಕ್ಕೆ, ಶುಗರ್‌ಗೆ ಅದು ಒಳ್ಳೆಯದೇ. ಆದರೆ ಕೂತಲ್ಲಿಂದ ಏಳಲು ತೊಡೆ, ಸೊಂಟದಲ್ಲಿ ಬಲ ಬೇಕು. ಆ ಸ್ನಾಯುಗಳು ವಯಸ್ಸಾದ ಹಾಗೆ ಕರಗುತ್ತಾ ಹೋಗುತ್ತವೆ, ಅರವತ್ತರ ನಂತರ ಇನ್ನೂ ಬೇಗ. ಬರೀ ನಡೆದರೆ ಅದು ನಿಲ್ಲುವುದಿಲ್ಲ. ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ, 65 ದಾಟಿದವರಿಗೂ ಸೇರಿಸಿ.

ಇದನ್ನು ಮನೆಯಲ್ಲಿ ಹೇಳಿದಾಗ ಚಿಕ್ಕಮ್ಮ "ಈ ವಯಸ್ಸಲ್ಲಿ ಭಾರ ಎತ್ತಿದರೆ ಮಂಡಿ ಸವೆದುಹೋಗುತ್ತೆ" ಅಂದರು. ಪಕ್ಕದ ಮನೆಯವರು "ಗಂಡಸರ ಥರ ತೋಳು ಬರುತ್ತೆ" ಅಂದರು. ಇದೇ ಅಮ್ಮ ಮೂವತ್ತು ವರ್ಷ ಬಾವಿಯಿಂದ ನೀರು ಸೇದಿ, ತುಂಬಿದ ಕೊಡ ಸೊಂಟದ ಮೇಲೆ ಹೊತ್ತು ತಂದಾಗ ಭಾರ ಎತ್ತಬೇಡ ಅಂತ ಯಾರೂ ಹೇಳಲಿಲ್ಲ, ಅಲ್ವಾ?

ಗಂಡಸರ ಥರ ಸ್ನಾಯು ಉಬ್ಬಲು ಬೇಕಾದ ಟೆಸ್ಟೊಸ್ಟೆರಾನ್ ಅನ್ನುವ ಹಾರ್ಮೋನು ಹೆಂಗಸರ ಮೈಯಲ್ಲಿ ತುಂಬಾ ಕಮ್ಮಿ. ಮಂಡಿ ನೋವಿಗೂ ತೊಡೆಯ ವ್ಯಾಯಾಮವನ್ನೇ ಡಾಕ್ಟರುಗಳು ಹೇಳಿಕೊಡುತ್ತಾರೆ. ಇನ್ನು ವಯಸ್ಸಿನ ಮಾತು. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 90ರ ಆಸುಪಾಸಿನ ವೃದ್ಧರಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿದ್ದರು. ಇದ್ದವರು ಹತ್ತೇ ಜನ, ನಿಜ. ಆದರೂ ಅವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗಿಂತ ಜಾಸ್ತಿಯಾಯಿತು.

ನಾವು ಜಿಮ್ಮಿಗೇನೂ ಹೋಗಲಿಲ್ಲ. ಡಾಕ್ಟರನ್ನು ಕೇಳಿ, ಊಟದ ಮನೆಯ ಕುರ್ಚಿಯಿಂದಲೇ ಶುರು ಮಾಡಿದೆವು. ಕೈ ಊರದೆ ಎದ್ದು ಕೂರುವುದು, ಹತ್ತು ಸಲ. ಮೊದಲು ಕುರ್ಚಿ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿಕೊಂಡಿದ್ದೆವು, ತಿಂಗಳು ಕಳೆಯುವಷ್ಟರಲ್ಲಿ ಎರಡನ್ನೂ ತೆಗೆದೆವು. ಈಗ ಅಮ್ಮ 5 ಕೆಜಿ ಅಕ್ಕಿ ಚೀಲವನ್ನು ಎದೆಗೆ ಅವುಚಿಕೊಂಡು ಏಳುತ್ತಾರೆ. ಏಳುವಾಗ ಉಸಿರು ಕಟ್ಟಬಾರದು, ಬಿಡಬೇಕು. ಬಿಪಿ ಇರುವವರಿಗೆ ಇದು ಮುಖ್ಯ. ಪೌಡರ್ ಗೀಡರ್ ಏನೂ ಇಲ್ಲ, ತಟ್ಟೆಯಲ್ಲಿ ಅನ್ನ ಸ್ವಲ್ಪ ಕಮ್ಮಿ ಮಾಡಿ ಹುರುಳಿ, ಹೆಸರುಕಾಳು, ಮೊಸರು ಜಾಸ್ತಿ ಮಾಡಿದೆವು ಅಷ್ಟೇ.

ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಹೆಂಗಸರ ವ್ಯಾಯಾಮ ಅಂದರೆ ಬರೀ ಹೊಟ್ಟೆ ಕರಗಿಸುವ ಮಾತೇ ಬರುತ್ತದೆ. ಹೊಟ್ಟೆಗೆ ಅಂತ ವ್ಯಾಯಾಮ ಮಾಡಿದರೆ ಅಲ್ಲಿನ ಕೊಬ್ಬೇ ಕರಗುತ್ತದೆ ಅನ್ನುವುದೂ ಸರಿಯಲ್ಲ. ದಯವಿಟ್ಟು ವಾರಕ್ಕೊಮ್ಮೆ, ಮನೆಯಲ್ಲೇ ಮಾಡಬಹುದಾದ ಒಂದೊಂದು ಬಲದ ವ್ಯಾಯಾಮವನ್ನು ಚಿತ್ರ ಸಮೇತ ಹಾಕಿ. ಅಕ್ಷರ ದೊಡ್ಡದಾಗಿರಲಿ, ನಮ್ಮ ಅಮ್ಮ ಕನ್ನಡಕ ಇಲ್ಲದೆಯೂ ಓದುವ ಹಾಗೆ.

— ಒಬ್ಬ ಓದುಗ, ಶಿವಮೊಗ್ಗ